ಮ್ಯಾರಥಾನ್ ಓಟಗಾರರ ಮೀನಖಂಡದಲ್ಲಿದೆ ಮೈಲೇಜ್

ದೂರದ ಓಟಗಾರರಿಗೆ ಹೆಸರಾದ ಕೆನ್ಯಾದ ಇಟೆನ್ ಸುಮಾರು 2,400 ಮೀಟರ್ ಎತ್ತರದ ಊರು. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಯೂ 1,930 ಮೀಟರ್ ದಾಟುವುದಿಲ್ಲ. ಇಟೆನ್‌ನಲ್ಲಿ ಒಂದು ಉಸಿರಿಗೆ ದಕ್ಕುವ ಆಮ್ಲಜನಕ ಸಮುದ್ರ ತೀರದಲ್ಲಿ ಸಿಗುವುದರ ಮುಕ್ಕಾಲು ಪಾಲು ಮಾತ್ರ. ಈ ಕೊರತೆಗೆ ಮೂತ್ರಪಿಂಡ ಎರಿತ್ರೋಪೊಯೆಟಿನ್ ಹಾರ್ಮೋನನ್ನು ಹೆಚ್ಚಿಸುತ್ತದೆ, ಮೂಳೆಯೊಳಗಿನ ಮಜ್ಜೆ ಆಮ್ಲಜನಕ ಹೊರುವ ಕೆಂಪು ರಕ್ತಕಣಗಳನ್ನು ಹೆಚ್ಚು ತಯಾರಿಸುತ್ತದೆ. ಇಥಿಯೋಪಿಯಾದ ಬೆಕೋಜಿ ಇನ್ನೂ ಎತ್ತರದಲ್ಲಿದೆ. ಓಟದಲ್ಲಿ ಒಲಿಂಪಿಕ್ ಚಿನ್ನ ಗೆದ್ದ ದೆರಾರ್ತು ತುಲು, ಕೆನೆನಿಸಾ ಬೆಕೆಲೆ ಆ ಸೀಮೆಯವರೇ.

ಆದರೆ ಎತ್ತರವೊಂದೇ ಸಾಕಾಗಿದ್ದರೆ ನೇಪಾಳ, ಬೊಲಿವಿಯಾಗಳೂ ಪದಕ ಬಾಚಬೇಕಿತ್ತು. 1990ರ ದಶಕದಲ್ಲಿ ಸ್ವೀಡನ್ನಿನ ಶರೀರಕ್ರಿಯಾ ವಿಜ್ಞಾನಿ ಬೆಂಗ್ಟ್ ಸಾಲ್ಟಿನ್ ಅವರ ತಂಡ ಕೆನ್ಯಾದ ಓಟಗಾರರನ್ನು ಸ್ಕ್ಯಾಂಡಿನೇವಿಯಾದವರ ಜೊತೆ ಹೋಲಿಸಿ ನೋಡಿತು. ಆಮ್ಲಜನಕ ಹೀರುವ ಗರಿಷ್ಠ ಸಾಮರ್ಥ್ಯದಲ್ಲಿ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಒಂದೇ ವೇಗದಲ್ಲಿ ಓಡುವಾಗ ಕೆನ್ಯಾದವರು ಕಡಿಮೆ ಆಮ್ಲಜನಕ ಖರ್ಚು ಮಾಡುತ್ತಿದ್ದರು. ಎಂಜಿನ್ ದೊಡ್ಡದಲ್ಲ, ಮೈಲೇಜ್ ಜಾಸ್ತಿ!

ಅವರ ಕಾಲನ್ನೇ ನೋಡಿ: ಮಂಡಿಯ ಕೆಳಗೆ ಮೀನಖಂಡ ತೆಳ್ಳಗೆ, ಹಗುರ. ಕಾಲು ಸೊಂಟದಿಂದ ತೂಗುವ ಲೋಲಕದಂತೆ. ತೂಕ ತುದಿಯಲ್ಲಿದ್ದಷ್ಟೂ ಬೀಸಲು ಶ್ರಮ ಹೆಚ್ಚು. ಪ್ರತಿ ಶೂಗೆ 100 ಗ್ರಾಂ ಸೇರಿಸಿದರೆ ಓಟದ ಖರ್ಚು ಸುಮಾರು ಶೇ. 1ರಷ್ಟು ಏರುತ್ತದೆ. ಮ್ಯಾರಥಾನ್‌ನಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಹೆಜ್ಜೆ, ಲೆಕ್ಕ ಹಾಕಿಕೊಳ್ಳಿ. ಈ ಮೈಕಟ್ಟು ವಂಶದಿಂದ ಬಂದಿರಬಹುದು, ಆದರೆ 'ಓಟದ ಜೀನ್' ಎಂದು ಬೆರಳಿಟ್ಟು ತೋರಿಸುವಂಥದ್ದು ಸಿಕ್ಕಿಲ್ಲ.

ಉಳಿದದ್ದು ದುಡಿಮೆ. ಬೆಳಗ್ಗೆ ಆರಕ್ಕೆ ಕೆಮ್ಮಣ್ಣಿನ ದಾರಿಯಲ್ಲಿ ಗುಂಪು ಹೊರಡುತ್ತದೆ, ಮೊದಲ ಕಿಲೋಮೀಟರುಗಳು ಜಾಗಿಂಗ್‌ನಷ್ಟೇ ನಿಧಾನ. 2022ರಲ್ಲಿ ಬರ್ಲಿನ್ ಮ್ಯಾರಥಾನನ್ನು 2:01:09ರಲ್ಲಿ, ಅಂದರೆ ಕಿಲೋಮೀಟರಿಗೆ 2 ನಿಮಿಷ 52 ಸೆಕೆಂಡಿನಂತೆ ಮುಗಿಸಿದ ಎಲಿಯುಡ್ ಕಿಪ್‌ಚೋಗೆ ಕೂಡ ಹಗುರ ದಿನಗಳಲ್ಲಿ ಹೀಗೆಯೇ ಓಡುತ್ತಿದ್ದರು. ವೇಗಕ್ಕೆ ಬೇರೆ ದಿನವಿದೆ: ಫಾರ್ಟ್‌ಲೆಕ್, ಒಂದು ನಿಮಿಷ ಜೋರು, ಒಂದು ನಿಮಿಷ ಮೆಲ್ಲಗೆ, ಹೀಗೆ ಇಪ್ಪತ್ತಕ್ಕೂ ಹೆಚ್ಚು ಸಲ. ಊಟಕ್ಕೆ ಉಗಾಲಿ, ನಮ್ಮ ಮುದ್ದೆಯಂತೆ ತಿರುವಿದ ಜೋಳದ ಹಿಟ್ಟು (ಮುಸುಕಿನ ಜೋಳ), ಜೊತೆಗೆ ಸೊಪ್ಪು. ಕುಡಿಯಲು ಸಕ್ಕರೆ ಹಾಕಿದ ಹಾಲಿನ ಚಹಾ.

ಇಲ್ಲಿಗೆ ತರಬೇತಿಗೆಂದು ಬರುವ ಹೊರಗಿನವರು ಎಡವುವುದು ಮೊದಲ ವಾರವೇ. ತಮ್ಮ ಊರಿನ ವೇಗದಲ್ಲೇ ಅಲ್ಲೂ ಓಡಲು ಹೋಗಿ ದಣಿದು ಮಲಗುತ್ತಾರೆ. ರಕ್ತದಲ್ಲಿ ಫೆರಿಟಿನ್ (ಕಬ್ಬಿಣ ಶೇಖರಿಸುವ ಪ್ರೋಟೀನ್) ಕಡಿಮೆ ಇದ್ದರೆ ಎತ್ತರದ ಲಾಭವೂ ಸಿಗದು, ಕಬ್ಬಿಣವಿಲ್ಲದೆ ಹಿಮೋಗ್ಲೋಬಿನ್ ಆಗುವುದಿಲ್ಲ. ಹೊರಡುವ ತಿಂಗಳು ಮೊದಲೇ ರಕ್ತ ಪರೀಕ್ಷೆ ಮಾಡಿಸಿ, ಮೊದಲ ವಾರ ಬರೀ ಹಗುರ ಓಟ ಇಟ್ಟುಕೊಂಡು, ಕನಿಷ್ಠ ಮೂರು ವಾರ ಉಳಿಯಬೇಕು.