ಗೆಲ್ಲಲೆಂದು ನಿಲ್ಲಿಸದ ಅಭ್ಯರ್ಥಿ: ಕೆನಡಾದ ರೂತ್ ಎಲೆನ್ ಬ್ರೊಸೊ ಸಂಸತ್ತಿಗೆ ಬಂದ ಬಗೆ

ಗೆಲ್ಲುವ ಆಸೆಯೇ ಇಲ್ಲದ ಕ್ಷೇತ್ರದಲ್ಲಿ ಪಕ್ಷವೊಂದು ಯಾರನ್ನೋ ಹಿಡಿದು ತಂದು ನಾಮಪತ್ರ ಹಾಕಿಸಿದರೆ ನಮ್ಮ ಪತ್ರಿಕೆಗಳು ‘ಹರಕೆಯ ಕುರಿ’ ಎಂದು ಬರೆಯುತ್ತವೆ. ಆ ಅಭ್ಯರ್ಥಿಯ ಹೆಸರು ಫಲಿತಾಂಶದ ಮರುದಿನ ಪತ್ರಿಕೆಯ ಒಳಪುಟದ ಪಟ್ಟಿಯಲ್ಲಿ ಒಮ್ಮೆ ಕಾಣಿಸಿ ಮರೆಯಾಗುತ್ತದೆ. 2011ರ ಮೇ 2ರ ರಾತ್ರಿ ಕೆನಡಾದ ಕ್ವೆಬೆಕ್ ಪ್ರಾಂತ್ಯದಲ್ಲಿ ಹಾಗಾಗಲಿಲ್ಲ. ಒಟ್ಟಾವದ ಕಾರ್ಲ್‌ಟನ್ ವಿಶ್ವವಿದ್ಯಾಲಯದ ಆವರಣದಲ್ಲಿದ್ದ ಪಬ್ಬೊಂದರ ಸಹಾಯಕ ವ್ಯವಸ್ಥಾಪಕಿ, 27 ವರ್ಷದ ರೂತ್ ಎಲೆನ್ ಬ್ರೊಸೊ, ಬೆರ್ತಿಯೆ-ಮಾಸ್ಕಿನೋಂಜೆ ಎಂಬ ಕ್ಷೇತ್ರದಿಂದ 5,816 ಮತಗಳ ಅಂತರದಲ್ಲಿ ಗೆದ್ದು ಸಂಸದೆಯಾದರು. ಆ ಕ್ಷೇತ್ರದಲ್ಲಿ ಅವರು ಪ್ರಚಾರ ಮಾಡಿರಲಿಲ್ಲ. ಕಾಲೂ ಇಟ್ಟಿರಲಿಲ್ಲ. ಪ್ರಚಾರಕ್ಕೆಂದು ಒಂದು ಡಾಲರೂ ಖರ್ಚಾಗಿರಲಿಲ್ಲ. ಚುನಾವಣೆಯ ಕಾವು ಏರುತ್ತಿದ್ದಾಗ ಅವರು ಹುಟ್ಟುಹಬ್ಬದ ನೆಪದಲ್ಲಿ ಲಾಸ್ ವೇಗಸ್‌ಗೆ ಹೋಗಿದ್ದರು.

ಕ್ಷೇತ್ರದಲ್ಲಿ ನೂರಕ್ಕೆ ತೊಂಬತ್ತೆಂಟರಷ್ಟು ಜನರ ಮಾತು ಫ್ರೆಂಚ್. ಬ್ರೊಸೊ ಅವರ ಫ್ರೆಂಚ್ ಆಗ ತಡವರಿಸುವ ಮಟ್ಟದ್ದು. ಮಂಡ್ಯದಿಂದ ಕನ್ನಡ ಬಾರದ, ಮಂಡ್ಯವನ್ನೇ ನೋಡದ ಒಬ್ಬರು ಮನೆಯಲ್ಲಿ ಕೂತು ಲೋಕಸಭೆಗೆ ಆಯ್ಕೆಯಾದರೆ ನಮ್ಮ ಟಿವಿ ವಾಹಿನಿಗಳು ಏನೇನು ಮಾಡಬಹುದು ಎಂದು ಊಹಿಸಿಕೊಂಡರೆ, ಮುಂದಿನ ವಾರಗಳಲ್ಲಿ ಕೆನಡಾದಲ್ಲಿ ಎದ್ದ ಗದ್ದಲದ ಅಂದಾಜು ಸಿಗುತ್ತದೆ.

ಇದನ್ನು ಒಬ್ಬ ಹೆಣ್ಣುಮಗಳ ಅದೃಷ್ಟದ ಕಥೆಯಾಗಿ, ಲಾಟರಿ ಹೊಡೆದ ಕಥೆಯಾಗಿ ಹೇಳಿದವರೇ ಹೆಚ್ಚು. ಸಂಸದರ ಆಗಿನ ವಾರ್ಷಿಕ ಸಂಬಳ 1,57,731 ಡಾಲರ್ ಎಂಬುದನ್ನು ಬಹುತೇಕ ಎಲ್ಲ ವರದಿಗಳೂ ಮರೆಯದೆ ಬರೆದವು. ಆದರೆ ಲಾಟರಿಯ ಟಿಕೆಟ್ಟನ್ನು ಯಾರು, ಯಾಕೆ ಮುದ್ರಿಸಿದ್ದರು ಎಂದು ಕೇಳಿದವರು ಕಡಿಮೆ. ನನಗೆ ಆಸಕ್ತಿ ಇರುವುದು ಅಲ್ಲಿ.

ಕೆನಡಾದಲ್ಲಿ 2004ರಿಂದ ಒಂದು ವ್ಯವಸ್ಥೆ ಜಾರಿಯಲ್ಲಿತ್ತು. ದೊಡ್ಡ ಕಂಪನಿಗಳ, ಕಾರ್ಮಿಕ ಸಂಘಗಳ ದೇಣಿಗೆಗೆ ಕಡಿವಾಣ ಹಾಕಿದ ಜಾನ್ ಕ್ರೆಟಿಯನ್ ಸರ್ಕಾರ, ಅದಕ್ಕೆ ಬದಲಾಗಿ ಪಕ್ಷಗಳಿಗೆ ಪ್ರತಿ ಮತಕ್ಕೆ ವರ್ಷಕ್ಕೆ 1.75 ಡಾಲರ್‌ನಂತೆ ಸರ್ಕಾರದ ಬೊಕ್ಕಸದಿಂದ ಹಣ ಕೊಡುವ ಕಾನೂನು ತಂದಿತ್ತು. ಬೆಲೆ ಏರಿಕೆಗೆ ತಕ್ಕಂತೆ ಏರುತ್ತಾ 2011ರ ವೇಳೆಗೆ ಅದು ಎರಡು ಡಾಲರ್ ದಾಟಿತ್ತು. ಅಂದರೆ ಸೋಲುವ ಕ್ಷೇತ್ರದಲ್ಲಿ ಬಿದ್ದ ಮತಕ್ಕೂ ಬೆಲೆ ಇತ್ತು. ಅಭ್ಯರ್ಥಿ ಸೋತರೂ ಮತ ಹಣವಾಗುತ್ತಿತ್ತು. ಅಭ್ಯರ್ಥಿಯ ಹೆಸರೇ ಮತಪತ್ರದಲ್ಲಿ ಇಲ್ಲದಿದ್ದರೆ ಮಾತ್ರ ನಷ್ಟ. ಮೇಲಾಗಿ 1,000 ಡಾಲರ್ ಠೇವಣಿ, ಲೆಕ್ಕಪತ್ರವನ್ನು ಸರಿಯಾಗಿ ಸಲ್ಲಿಸಿದರೆ ವಾಪಸಾಗುತ್ತಿತ್ತು. ಎಷ್ಟು ಮತ ಬಿತ್ತು ಎಂಬುದಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ನಮ್ಮಲ್ಲಿ ಚಲಾವಣೆಯಾದ ಮತಗಳ ಆರನೇ ಒಂದು ಭಾಗ ಸಿಗದಿದ್ದರೆ ಠೇವಣಿ ಹೋಗುತ್ತದೆ, ಮಾನವೂ ಹೋಗುತ್ತದೆ. ಅಲ್ಲಿ ಎರಡೂ ಹೋಗುತ್ತಿರಲಿಲ್ಲ. ಕಾನೂನಿನಲ್ಲಿ ಅಭ್ಯರ್ಥಿ ಅದೇ ಕ್ಷೇತ್ರದ ನಿವಾಸಿಯಾಗಿರಬೇಕು ಎಂಬ ಷರತ್ತೂ ಇಲ್ಲ. ಬೇಕಾದದ್ದು ಕ್ಷೇತ್ರದ ನೂರು ಮತದಾರರ ಸಹಿ.

ಹೀಗಾಗಿ ನ್ಯೂ ಡೆಮಾಕ್ರಟಿಕ್ ಪಾರ್ಟಿ, ಜನರ ಬಾಯಲ್ಲಿ ಎನ್‌ಡಿಪಿ, 308 ಕ್ಷೇತ್ರಗಳಿಗೂ ಹೆಸರು ಹೊಂದಿಸಿತು. ಕ್ವೆಬೆಕ್‌ನ 75ರಲ್ಲಿ ಅದರ ಕೈಯಲ್ಲಿದ್ದದ್ದು ಒಂದೇ ಒಂದು ಸ್ಥಾನ: ಮಾಂಟ್ರಿಯಲ್‌ನ ಊಟ್ರೆಮೊಂಟ್, ಅಲ್ಲಿ ಥಾಮಸ್ ಮಲ್ಕೇರ್. ಉಳಿದ ಕಡೆಗೆ ಕಾರ್ಯಕರ್ತರು, ಕಾಲೇಜು ಹುಡುಗರು, ಪರಿಚಯದವರು ಹೆಸರು ಕೊಟ್ಟರು. ಒಟ್ಟಾವದ ಎದುರು ದಂಡೆಯ ಗಾಟಿನೋದಲ್ಲಿ ವಾಸವಿದ್ದ ಬ್ರೊಸೊ ಅವರಿಗೆ ಸಿಕ್ಕಿದ್ದು ಗಂಟೆಗಟ್ಟಲೆ ಪ್ರಯಾಣದ ದೂರದಲ್ಲಿದ್ದ ಬೆರ್ತಿಯೆ-ಮಾಸ್ಕಿನೋಂಜೆ. ಸೇಂಟ್ ಲಾರೆನ್ಸ್ ನದಿಯ ಉತ್ತರ ದಂಡೆಯಲ್ಲಿ, ಮಾಂಟ್ರಿಯಲ್ ಮತ್ತು ತ್ರ್ವಾ-ರಿವಿಯೇರ್ ನಗರಗಳ ನಡುವಿನ ಹೈನುಗಾರಿಕೆಯ ಸೀಮೆ ಅದು. ಕಾರ್ ರೇಸಿನ ಜಿಲ್ ವಿಲ್‌ನೆವ್ ಬೆಳೆದ ಬೆರ್ತಿಯೆವಿಲ್ ಅಲ್ಲಿದೆ. ಕ್ಷೇತ್ರ 2004ರಲ್ಲಿ ರಚನೆಯಾದಾಗಿನಿಂದ ಕ್ವೆಬೆಕ್ ಪ್ರತ್ಯೇಕತೆಯ ಪಕ್ಷವಾದ ಬ್ಲಾಕ್ ಕ್ವೆಬೆಕ್ವಾದ ಗೀ ಆಂದ್ರೆ ಅವರೇ ಅಲ್ಲಿನ ಸಂಸದರು.

ಇನ್ನು ದಿನಾಂಕಗಳನ್ನು ನೋಡಬೇಕು. ಕೆನಡಾದಲ್ಲಿ ಮತದಾನಕ್ಕೆ ಮೂರು ವಾರ ಮೊದಲು ನಾಮಪತ್ರದ ಗಡುವು ಮುಗಿಯುತ್ತದೆ. ಆ ಸಲ ಅದು ಏಪ್ರಿಲ್ 11. ಪಕ್ಷದ ನಾಯಕರ ಫ್ರೆಂಚ್ ಭಾಷೆಯ ಟಿವಿ ಚರ್ಚೆ ನಡೆದದ್ದು ಏಪ್ರಿಲ್ 13ರಂದು. (14ಕ್ಕೆ ಇದ್ದದ್ದನ್ನು ಒಂದು ದಿನ ಹಿಂದಕ್ಕೆ ತಂದರು, ಆ ರಾತ್ರಿ ಮಾಂಟ್ರಿಯಲ್ ತಂಡದ ಐಸ್ ಹಾಕಿ ಪಂದ್ಯವಿತ್ತು. ಕ್ವೆಬೆಕ್‌ನಲ್ಲಿ ಯಾವುದು ಮುಖ್ಯ ಎಂದು ಆಯೋಜಕರಿಗೆ ಗೊತ್ತಿತ್ತು.) ಆ ಚರ್ಚೆಯ ನಂತರದ ದಿನಗಳಲ್ಲೇ ಎನ್‌ಡಿಪಿಯ ಪರ ಗಾಳಿ ಬೀಸತೊಡಗಿದ್ದು. ನಾಯಕ ಜಾಕ್ ಲೇಟನ್ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದು, ಸೊಂಟದ ಶಸ್ತ್ರಚಿಕಿತ್ಸೆಯಾದ ಬೆನ್ನಿಗೇ ಊರುಗೋಲು ಹಿಡಿದು ಪ್ರಚಾರಕ್ಕಿಳಿದಿದ್ದರು. ಅವರ ಫ್ರೆಂಚ್ ಬೀದಿಯ ಫ್ರೆಂಚ್, ನಗು ಧಾರಾಳ. ಇಪ್ಪತ್ತು ವರ್ಷಗಳಿಂದ ಪ್ರತ್ಯೇಕತೆಯ ಅದೇ ವಾದ ಕೇಳಿ ದಣಿದಿದ್ದ ಮತದಾರರಿಗೆ ಅವರು ಹಿಡಿಸಿದರು. ಅಲೆ ಎದ್ದಾಗ ಪಟ್ಟಿ ಮುಚ್ಚಿಯಾಗಿತ್ತು. ಪಕ್ಷ ಬಯಸಿದ್ದರೂ ಒಳ್ಳೆಯ ಅಭ್ಯರ್ಥಿಯನ್ನು ತಂದು ಕೂರಿಸುವ ದಾರಿ ಉಳಿದಿರಲಿಲ್ಲ.

ಕ್ವೆಬೆಕ್‌ಗೆ ಹೀಗೆ ಒಟ್ಟಾಗಿ ಹೊರಳುವುದು ಹೊಸದಲ್ಲ. 1980ರಲ್ಲಿ ಅದು 75ರಲ್ಲಿ 74 ಸ್ಥಾನಗಳನ್ನು ಲಿಬರಲ್ ಪಕ್ಷಕ್ಕೆ ಕೊಟ್ಟಿತು. ನಾಲ್ಕೇ ವರ್ಷದಲ್ಲಿ, 1984ರಲ್ಲಿ, 58 ಸ್ಥಾನಗಳನ್ನು ಬ್ರಯನ್ ಮಲ್ರೋನಿಯ ಕನ್ಸರ್ವೇಟಿವ್‌ಗಳಿಗೆ ದಾಟಿಸಿತು. 1993ರಲ್ಲಿ ಆ ಪಕ್ಷವನ್ನೂ ಬಿಟ್ಟು, ಹುಟ್ಟಿ ಎರಡೇ ವರ್ಷವಾಗಿದ್ದ ಬ್ಲಾಕ್ ಕ್ವೆಬೆಕ್ವಾವನ್ನು 54 ಕಡೆ ಗೆಲ್ಲಿಸಿತು. ಪ್ರತಿ ಅಲೆಯಲ್ಲೂ ಯಾರೂ ಹೆಸರು ಕೇಳಿರದ ಹತ್ತಾರು ಜನ ಸಂಸತ್ತಿಗೆ ತೇಲಿಬಂದಿದ್ದಾರೆ. ಅಲೆ ಇದ್ದಾಗ ಲೈಟುಕಂಬಕ್ಕೆ ಟಿಕೆಟ್ ಕೊಟ್ಟರೂ ಗೆಲ್ಲುತ್ತದೆ ಎನ್ನುತ್ತಾರಲ್ಲ ನಮ್ಮಲ್ಲಿ, ಹಾಗೆ. 2011ರಲ್ಲಿ ಎನ್‌ಡಿಪಿಗೆ ಕ್ವೆಬೆಕ್‌ನಲ್ಲಿ 59 ಸ್ಥಾನ ಬಂತು. ಬ್ಲಾಕ್ ನಾಲ್ಕಕ್ಕೆ ಕುಸಿಯಿತು, ಅದರ ನಾಯಕ ಜಿಲ್ ಡ್ಯುಸೆಪ್ ತಮ್ಮ ಸ್ಥಾನವನ್ನೇ ಕಳೆದುಕೊಂಡರು. ದೇಶದಲ್ಲಿ ಒಟ್ಟು 103 ಸ್ಥಾನ ಗೆದ್ದ ಎನ್‌ಡಿಪಿ ಮೊದಲ ಬಾರಿಗೆ ಅಧಿಕೃತ ವಿರೋಧ ಪಕ್ಷವಾಯಿತು.

ಆ 59ರಲ್ಲಿ ಎಳೆಯರೇ ಬಹಳ. ಶೆರ್‌ಬ್ರೂಕ್‌ನಲ್ಲಿ ಗೆದ್ದ ಪಿಯೆರ್-ಲುಕ್ ಡ್ಯುಸೊ ಅವರಿಗೆ ಇನ್ನೂ 19. ಕೆನಡಾದ ಇತಿಹಾಸದಲ್ಲೇ ಅತಿ ಕಿರಿಯ ಸಂಸದ. ಬೇಸಿಗೆ ರಜೆಗೆ ಗಾಲ್ಫ್ ಮೈದಾನದಲ್ಲಿ ಕೆಲಸ ಮಾಡಲು ಹೊರಟಿದ್ದ ಹುಡುಗ. ಮೆಕ್‌ಗಿಲ್ ವಿಶ್ವವಿದ್ಯಾಲಯದ ಲೋರಿನ್ ಲಿಯು, ಶಾರ್‌ಮೇನ್ ಬೋರ್ಗ್, ಮಿಲೆನ್ ಫ್ರೀಮನ್, ಮ್ಯಾಥ್ಯೂ ಡುಬೆ ಅವರೂ ಗೆದ್ದರು. ಇವರನ್ನೂ ಪತ್ರಿಕೆಗಳು ಛೇಡಿಸಿದವು, ನಿಜ. ಆದರೆ ಡ್ಯುಸೊ ಬಗೆಗಿನ ಬರಹಗಳಲ್ಲಿ ಒಂದು ಬಗೆಯ ಅಕ್ಕರೆ ಇತ್ತು. ಬ್ರೊಸೊ ಬಗ್ಗೆ ಬರೆಯುವಾಗ ಅದು ಇರಲಿಲ್ಲ. ಡ್ಯುಸೊ ತಾವು ಓದುತ್ತಿದ್ದ ಊರಲ್ಲೇ ನಿಂತವರು, ಫ್ರೆಂಚ್ ಮನೆಮಾತು, ಆ ವ್ಯತ್ಯಾಸವನ್ನು ಒಪ್ಪಬೇಕು. ಅಷ್ಟಕ್ಕೇ ನಿಂತಿದ್ದರೆ ತಕರಾರಿಲ್ಲ. ಪಬ್ಬು, ವೇಗಸ್, ಗಂಡನಿಲ್ಲದೆ ಮಗನನ್ನು ಸಾಕುತ್ತಿರುವ ತಾಯಿ ಎಂಬ ಮೂರು ವಿವರಗಳನ್ನು ಒಟ್ಟಿಗೆ ಇಟ್ಟು ಬರೆದ ತಲೆಬರಹಗಳಿಗೆ ಕ್ಷೇತ್ರದ ಹಿತಾಸಕ್ತಿಯ ಜೊತೆ ಏನೂ ಸಂಬಂಧವಿರಲಿಲ್ಲ.

ಗಂಭೀರವಾದ ಪ್ರಶ್ನೆಗಳೂ ಇದ್ದವು, ಅವು ಈ ಮೋಜಿನ ಅಡಿಯಲ್ಲಿ ಸಿಕ್ಕಿಕೊಂಡವು. ನಾಮಪತ್ರದಲ್ಲಿದ್ದ ಕೆಲವು ಸಹಿಗಳ ಬಗ್ಗೆ ತಕರಾರು ಎದ್ದಿತು. ತಾವು ಸಹಿಯೇ ಹಾಕಿಲ್ಲ ಎಂದು ಕೆಲವರು, ಯಾವುದಕ್ಕೆ ಹಾಕುತ್ತಿದ್ದೇವೆಂದು ತಿಳಿದಿರಲಿಲ್ಲ ಎಂದು ಇನ್ನು ಕೆಲವರು ಪತ್ರಕರ್ತರಿಗೆ ಹೇಳಿದರು. ಒಮ್ಮೆ ಒಪ್ಪಿಕೊಂಡ ನಾಮಪತ್ರವನ್ನು ತಾನು ತಿರಸ್ಕರಿಸಲಾಗದು, ಅದು ನ್ಯಾಯಾಲಯದ ಕೆಲಸ ಎಂದು ಚುನಾವಣಾ ಸಂಸ್ಥೆ ಕೈತೊಳೆದುಕೊಂಡಿತು, ಆಯ್ಕೆ ಉಳಿಯಿತು. ಪಕ್ಷ ಪ್ರಕಟಿಸಿದ್ದ ಪರಿಚಯದಲ್ಲಿ ಅವರಿಗೆ ಕಿಂಗ್‌ಸ್ಟನ್‌ನ ಸೇಂಟ್ ಲಾರೆನ್ಸ್ ಕಾಲೇಜಿನ ಡಿಪ್ಲೊಮಾ ಇದೆ ಎಂದಿತ್ತು. ಓದು ಪೂರ್ತಿಯಾಗಿರಲಿಲ್ಲ ಎಂದು ತಿಳಿದ ಮೇಲೆ ತಿದ್ದಿದರು. ಈ ಎರಡಕ್ಕೂ ಉತ್ತರ ಹೇಳಬೇಕಾದದ್ದು ಮೊದಲು ಪಕ್ಷ. ಪಕ್ಷ ಮಾಡಿದ್ದೇನು? ಹಲವು ದಿನ ಅವರನ್ನು ಪತ್ರಕರ್ತರ ಕಣ್ಣಿಗೆ ಬೀಳದಂತೆ ಇಟ್ಟಿತು. ಕುತೂಹಲ ಇದರಿಂದ ಕಡಿಮೆಯಾಗುವುದುಂಟೇ? ಕೊನೆಗೆ ಮೇ ತಿಂಗಳ ಎರಡನೇ ವಾರದಲ್ಲಿ ಮಲ್ಕೇರ್ ಅವರನ್ನು ಜೊತೆಗೆ ಕಳಿಸಿ ಲೂಯಿಸ್‌ವಿಲ್ ಎಂಬ ಪುಟ್ಟ ಪಟ್ಟಣಕ್ಕೆ ಕರೆತಂದರು. ತಾವು ಪ್ರತಿನಿಧಿಸುವ ಊರನ್ನು ಸಂಸದೆ ಅಂದು ಮೊದಲ ಸಲ ನೋಡಿದರು.

ವೇಗಸ್ ಪ್ರವಾಸದ ಸುದ್ದಿ ಮತದಾನಕ್ಕೆ ಮೊದಲೇ ಹೊರಬಿದ್ದಿತ್ತು ಎಂಬುದನ್ನು ಇಲ್ಲಿ ಹೇಳಬೇಕು. ಆದರೂ ನೂರಕ್ಕೆ ಸುಮಾರು ನಲವತ್ತು ಮತ ಅವರಿಗೆ ಬಿತ್ತು. ಜನ ಮೋಸ ಹೋದರು ಎನ್ನುವ ವಾದ ಇಲ್ಲಿ ಪೂರ್ತಿ ನಿಲ್ಲುವುದಿಲ್ಲ. ಅವರು ಒತ್ತಿದ್ದು ಲೇಟನ್‌ಗೆ.

ಆ ಲೇಟನ್ ಆಗಸ್ಟ್ 22ರಂದು ತೀರಿಕೊಂಡರು. ಚುನಾವಣೆಯಾಗಿ ನಾಲ್ಕು ತಿಂಗಳೂ ಆಗಿರಲಿಲ್ಲ. ಯಾರ ಹೆಸರಿನಲ್ಲಿ ಗೆದ್ದಿದ್ದರೋ ಆ ಆಸರೆ ಹೋದ ಮೇಲೆ ಉಳಿದದ್ದು ಕ್ಷೇತ್ರದ ಕೆಲಸ. ಬ್ರೊಸೊ ಫ್ರೆಂಚ್ ಕಲಿಯತೊಡಗಿದರು. ಕೆಲ ಕಾಲದಲ್ಲೇ ಸಭೆಗಳನ್ನು, ಸಂದರ್ಶನಗಳನ್ನು ಆ ಭಾಷೆಯಲ್ಲೇ ನಡೆಸುವಂತಾದರು. ಕ್ಷೇತ್ರಕ್ಕೆ ಮನೆ ಬದಲಿಸಿದರು. ಊರ ಜಾತ್ರೆ, ರೈತರ ಸಭೆ, ಪುರಸಭೆಯ ಕಾರ್ಯಕ್ರಮ ಯಾವುದನ್ನೂ ಬಿಡದೆ ಓಡಾಡಿದರು. 2012ರಲ್ಲಿ ಪಕ್ಷ ಅವರನ್ನು ಕೃಷಿ ವಿಷಯದ ಉಪ ವಕ್ತಾರೆ ಮಾಡಿತು, ಮುಂದೆ ವಕ್ತಾರೆಯನ್ನಾಗಿಯೂ. ಹಾಲಿನ ಬೆಲೆ ಮತ್ತು ಉತ್ಪಾದನೆಯನ್ನು ನಿಯಂತ್ರಿಸುವ ಕೆನಡಾದ ಕೋಟಾ ಪದ್ಧತಿ, ಅಮೆರಿಕದಿಂದ ಸುಂಕ ತಪ್ಪಿಸಿ ಬರುತ್ತಿದ್ದ ಹಾಲಿನ ಪ್ರೋಟೀನು, ಪೋಲಾಗುವ ಆಹಾರ ಇವೇ ಅವರ ವಿಷಯಗಳಾದವು. ಆಹಾರ ಪೋಲು ತಡೆಯಲು ಅವರು ತಂದ ಖಾಸಗಿ ಮಸೂದೆ ಸದನದಲ್ಲಿ ಬಿದ್ದುಹೋಯಿತು. ಹಸುವಿನ ಬಾಲ ಹಿಡಿಯದವರಿಗೆ ಕೃಷಿಯೇಕೆ ಎಂದು ಮೂಗು ಮುರಿದಿದ್ದವರು ಇದ್ದೇ ಇದ್ದರು. ಹೈನುಗಾರರು ಮಾತ್ರ ಅವರ ಮಾತಿಗೆ ಕಿವಿಗೊಡತೊಡಗಿದ್ದರು.

2015ರ ಚುನಾವಣೆ ನಿಜವಾದ ಪರೀಕ್ಷೆ. ಅಲೆ ಇಳಿದಿತ್ತು. ಕ್ವೆಬೆಕ್‌ನಲ್ಲಿ ಎನ್‌ಡಿಪಿ 59ರಿಂದ 16ಕ್ಕೆ ಬಂತು. ಮೆಕ್‌ಗಿಲ್ ಗುಂಪಿನ ಲಿಯು, ಬೋರ್ಗ್, ಫ್ರೀಮನ್ ಸೋತರು. ಬ್ರೊಸೊ ಗೆದ್ದರು, ಮೊದಲಿಗಿಂತ ಹೆಚ್ಚು ಅಂತರದಲ್ಲಿ, ನೂರಕ್ಕೆ 42ರಷ್ಟು ಮತ ಪಡೆದು.

ಆದರೂ ಜಗತ್ತು ಅವರ ಹೆಸರನ್ನು ಎರಡನೇ ಸಲ ಕೇಳಿದ್ದು ಅವರು ಮಾಡಿದ ಯಾವ ಕೆಲಸಕ್ಕೂ ಅಲ್ಲ. 2016ರ ಮೇ 18ರಂದು, ದಯಾಮರಣದ ಮಸೂದೆಯ ಚರ್ಚೆಗೆ ಕಾಲಮಿತಿ ಹೇರುವ ಮತದಾನದ ಹೊತ್ತಿಗೆ, ಸದನದ ನಡುದಾರಿಯಲ್ಲಿ ಎನ್‌ಡಿಪಿ ಸದಸ್ಯರು ಗುಂಪಾಗಿ ನಿಂತಿದ್ದರು. ತಾಳ್ಮೆಗೆಟ್ಟ ಪ್ರಧಾನಿ ಜಸ್ಟಿನ್ ಟ್ರುಡೊ ಗುಂಪಿಗೆ ನುಗ್ಗಿ, ಅಲ್ಲಿ ದಾರಿ ಸಿಗದೆ ನಿಂತಿದ್ದ ಕನ್ಸರ್ವೇಟಿವ್ ಪಕ್ಷದ ಸಚೇತಕ ಗಾರ್ಡ್ ಬ್ರೌನ್ ಅವರ ತೋಳು ಹಿಡಿದೆಳೆದರು. ಆ ರಭಸದಲ್ಲಿ ಪ್ರಧಾನಿಯ ಮೊಣಕೈ ಹಿಂದಿದ್ದ ಬ್ರೊಸೊ ಅವರ ಎದೆಗೆ ಬಡಿಯಿತು. ಆಕೆ ಸದನದಿಂದ ಹೊರನಡೆದರು, ಮತದಾನ ತಪ್ಪಿಹೋಯಿತು. ಟ್ರುಡೊ ಒಂದಲ್ಲ, ಹಲವು ಬಾರಿ ಕ್ಷಮೆ ಕೇಳಿದರು. ಕ್ಷಮೆ ಕೇಳಿದವರು ಪ್ರಧಾನಿ. ಅಂತರ್ಜಾಲದಲ್ಲಿ ಬೈಗುಳ ತಿಂದವರು ಬ್ರೊಸೊ. ನಾಟಕ ಆಡಿದಳು, ಫುಟ್‌ಬಾಲ್ ಆಟಗಾರರಂತೆ ಬಿದ್ದಳು ಎಂದು ಹೀಗಳೆದರು. ಐದು ವರ್ಷದ ಹಿಂದಿನ ವೇಗಸ್ ಮತ್ತೆ ಮೇಲೆದ್ದಿತು. ಅವರು ಕ್ಷಮೆಯನ್ನು ಒಪ್ಪಿಕೊಂಡು ಮಾತು ಮುಗಿಸಿದರು.

2018ರ ಆರಂಭದಲ್ಲಿ ಪಕ್ಷದ ಹೊಸ ನಾಯಕ ಜಗ್ಮೀತ್ ಸಿಂಗ್, ಬ್ರೊಸೊ ಅವರನ್ನು ಸದನದ ಕಲಾಪದಲ್ಲಿ ಪಕ್ಷದ ಹೊಣೆ ಹೊರುವ ‘ಹೌಸ್ ಲೀಡರ್’ ಆಗಿ ನೇಮಿಸಿದರು. ಸಿಂಗ್ ಆಗಿನ್ನೂ ಸಂಸದರಾಗಿರಲಿಲ್ಲ. ಹಾಗಾಗಿ ಕಾರ್ಯಕಲಾಪದ ನಿಯಮಗಳನ್ನು ಅರೆದು ಕುಡಿದಿರಬೇಕಾದ ಆ ಜಾಗಕ್ಕೆ ಇನ್ನಷ್ಟು ತೂಕವಿತ್ತು. ಪಬ್ಬಿನಿಂದ ಬಂದವರು ಎಂದು ನಕ್ಕಿದ್ದ ಪತ್ರಿಕೆಗಳೇ ಈಗ ಅವರ ಬೆಳವಣಿಗೆಯ ಬಗ್ಗೆ ದೊಡ್ಡ ಲೇಖನಗಳನ್ನು ಬರೆದವು. ಹಳೆಯ ತಲೆಬರಹಗಳಿಗಾಗಿ ಯಾರೂ ವಿಷಾದಿಸಿದ ಹಾಗಿಲ್ಲ.

ಇಷ್ಟರಲ್ಲಿ ಆ ಮತಕ್ಕಿಷ್ಟು ಎಂಬ ಹಣದ ವ್ಯವಸ್ಥೆಯೂ ಹೋಗಿತ್ತು. 2011ರಲ್ಲಿ ಬಹುಮತ ಪಡೆದ ಸ್ಟೀಫನ್ ಹಾರ್ಪರ್ ಸರ್ಕಾರ ಅದನ್ನು ಹಂತಹಂತವಾಗಿ ಇಳಿಸಿ 2015ಕ್ಕೆ ಮುಗಿಸಿತು. ಹೆಸರಿಗೊಬ್ಬ ಅಭ್ಯರ್ಥಿಯನ್ನು ನಿಲ್ಲಿಸುವ ಅಭ್ಯಾಸ ಅದರೊಂದಿಗೆ ಹೋಗಲಿಲ್ಲ. ಎಲ್ಲ ಕಡೆ ಸ್ಪರ್ಧಿಸದ ಪಕ್ಷವನ್ನು ರಾಷ್ಟ್ರೀಯ ಪಕ್ಷವೆಂದು ಜನ ನಂಬುವುದಿಲ್ಲ ಎಂಬ ಅಂಜಿಕೆ ದುಡ್ಡಿಗಿಂತ ಹಳೆಯದು.

2019ರಲ್ಲಿ ಬ್ಲಾಕ್ ಕ್ವೆಬೆಕ್ವಾ ಮತ್ತೆ ಎದ್ದು ನಿಂತಿತು. ಹಿಂದಿನ ಸಲ ಬ್ರೊಸೊ ಎದುರು ಸೋತಿದ್ದ ಶಿಕ್ಷಕ ಈವ್ ಪೆರೋಂ ಈ ಸಲ ಸುಮಾರು 1,500 ಮತಗಳಿಂದ ಗೆದ್ದರು. ಶೆರ್‌ಬ್ರೂಕ್‌ನಲ್ಲಿ ಡ್ಯುಸೊ ಸೋತರು. ಕ್ವೆಬೆಕ್‌ನಲ್ಲಿ ಎನ್‌ಡಿಪಿಗೆ ಉಳಿದದ್ದು ಒಂದೇ ಸ್ಥಾನ. ಬ್ರೊಸೊ ಒಟ್ಟಾವಕ್ಕೆ ಮರಳದೆ ಅಲ್ಲೇ ಉಳಿದು ಕೃಷಿಗಿಳಿದರು. 2021ರಲ್ಲಿ ಮತ್ತೆ ನಿಂತು ಪೆರೋಂ ಎದುರು ಸಾವಿರಕ್ಕೂ ಕಡಿಮೆ ಮತಗಳಿಂದ ಸೋತರು. ಆ ಚುನಾವಣೆಯಲ್ಲಿ ಇಡೀ ಕ್ವೆಬೆಕ್‌ನಲ್ಲಿ ಅವರ ಪಕ್ಷಕ್ಕೆ ಬಂದದ್ದು ನೂರಕ್ಕೆ ಹತ್ತರಷ್ಟು ಮತ. ಬೆರ್ತಿಯೆ-ಮಾಸ್ಕಿನೋಂಜೆಯಲ್ಲಿ ಅವರಿಗೆ ಬಂದದ್ದು ಮೂರರಲ್ಲಿ ಒಂದು ಪಾಲು.