ಮುಂಡರಗಿಯ ಬೋರ್ ನೀರು ಎಲುಬಿಗೆ ಇಳಿದ ಕತೆ

ನೆಲದ ಮೇಲೆ ಒಂದು ನಾಣ್ಯ ಇಡಿ. ಮೊಣಕಾಲು ಮಡಚದೆ ಅದನ್ನು ಎತ್ತಿಕೊಳ್ಳಿ. ಆಮೇಲೆ ಗದ್ದವನ್ನು ಎದೆಗೆ ತಾಗಿಸಿ. ಕೈಗಳನ್ನು ಅಗಲಕ್ಕೆ ಚಾಚಿ, ಮಡಚಿ, ತಲೆಯ ಹಿಂಭಾಗ ಮುಟ್ಟಿ. ಫ್ಲೋರೋಸಿಸ್, ಅಂದರೆ ಫ್ಲೋರೈಡ್ ಮೈಯಲ್ಲಿ ಜಾಸ್ತಿ ಸೇರಿ ಹಲ್ಲು, ಎಲುಬು ಕೆಡಿಸುವ ರೋಗ, ಇರಬಹುದಾ ಅಂತ ಮೊದಲ ಸುತ್ತಿನಲ್ಲಿ ನೋಡಲು ಮಾಡಿಸುವ ಪರೀಕ್ಷೆಗಳು ಇವೇ ಮೂರು. ಯಾವ ಯಂತ್ರವೂ ಬೇಡ. ಇದು ಆಗದಿದ್ದರೆ ನೀರು, ಮೂತ್ರದ ಪರೀಕ್ಷೆ ಮತ್ತು ಎಕ್ಸ್‌ರೇ ಮಾಡಿಸಬೇಕು.

ಗದಗ ಜಿಲ್ಲೆಯಲ್ಲಿ, ಅದರಲ್ಲೂ ಮುಂಡರಗಿ ತಾಲ್ಲೂಕಿನ ಹಲವು ಕಡೆ, ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಆದರೂ ಬೆನ್ನು ಸೆಟೆದರೆ, ಸಂದು ಹಿಡಿದರೆ ನಾವು ಹೇಳುವುದು ಒಂದೇ ಮಾತು: ‘ವಯಸ್ಸಾಯ್ತು, ವಾಯು ಆಗೈತಿ.’ ನೀರಿನ ಕೊಡದ ಕಡೆ ಯಾರೂ ನೋಡುವುದಿಲ್ಲ. ನೋಡಿದರೂ ಕಾಣುವುದಿಲ್ಲ ಅನ್ನಿ. ಫ್ಲೋರೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಗೊತ್ತಾಗುವುದಿಲ್ಲ.

ಈ ಕತೆ ಅರ್ಥವಾಗಬೇಕಾದರೆ ಮೊದಲು ಎಲುಬು ಏನೆಂದು ತಿಳಿಯಬೇಕು. ಸ್ಮಶಾನದಲ್ಲಿ ಕಾಣುವ ಒಣ ಎಲುಬನ್ನು ನೆನೆದು ನಾವು ಅದನ್ನು ಕಲ್ಲಿನಂಥದ್ದು ಅಂದುಕೊಳ್ಳುತ್ತೇವೆ. ಮೈಯೊಳಗಿನ ಎಲುಬು ಜೀವಂತ ಅಂಗಾಂಶ. ಅದರಲ್ಲಿ ರಕ್ತ ಹರಿಯುತ್ತದೆ. ಹಳೆಯದನ್ನು ಕರಗಿಸುವ ಕೋಶಗಳು ಒಂದು ಕಡೆ, ಹೊಸದನ್ನು ಕಟ್ಟುವ ಕೋಶಗಳು ಇನ್ನೊಂದು ಕಡೆ, ದಿನವೂ ಕೆಲಸ ಮಾಡುತ್ತಲೇ ಇರುತ್ತವೆ. ದೊಡ್ಡವರಲ್ಲಿ ವರ್ಷಕ್ಕೆ ಸುಮಾರು ಶೇ 10ರಷ್ಟು ಎಲುಬು ಹೀಗೆ ಹೊಸದಾಗುತ್ತದೆ. ಕಟ್ಟಲು ಬೇಕಾದ ಸಾಮಾನು ಊಟ ಮತ್ತು ನೀರಿನಿಂದ ಬರುತ್ತದೆ.

ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿದ ಸಣ್ಣ ಸಣ್ಣ ಹರಳುಗಳಿಂದ ಎಲುಬು ಗಟ್ಟಿಯಾಗುತ್ತದೆ. ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇದ್ದರೆ ಅದು ಈ ಹರಳಿನೊಳಗೇ ಹೋಗಿ ಕೂರುತ್ತದೆ. ದೇಹದಲ್ಲಿ ಉಳಿಯುವ ಫ್ಲೋರೈಡ್‌ನಲ್ಲಿ ಶೇ 99ರಷ್ಟು ಎಲುಬು, ಹಲ್ಲುಗಳಲ್ಲೇ ಇರುತ್ತದೆ. ಕಟ್ಟುವ ಕೋಶಗಳನ್ನೂ ಅದು ಕೆರಳಿಸುತ್ತದೆ. ಎಲುಬು ದಪ್ಪವಾಗುತ್ತದೆ, ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುತ್ತದೆ, ಆದರೆ ಕಸುವು ಇರುವುದಿಲ್ಲ. ಇದಕ್ಕಿಂತ ದೊಡ್ಡ ಕಷ್ಟ ಕೀಲುಗಳಲ್ಲಿ. ಎಲುಬಿಗೆ ಎಲುಬು ಜೋಡಿಸುವ ಅಸ್ಥಿರಜ್ಜು, ಸ್ನಾಯುವನ್ನು ಎಲುಬಿಗೆ ಕಟ್ಟುವ ಸ್ನಾಯುರಜ್ಜು, ಎರಡೂ ಮೆತ್ತಗೆ ಬಾಗಬೇಕಾದವು. ಅವುಗಳಲ್ಲೂ ಸುಣ್ಣ ಕಟ್ಟುತ್ತದೆ. ಸ್ನಾಯು ಎಳೆದರೂ ಕೀಲು ತಿರುಗುವುದಿಲ್ಲ. ಬೆನ್ನೆಲುಬು ಕೋಲಿನಂತಾಗುತ್ತದೆ. ಕೆಲವರಲ್ಲಿ ಅದು ನರಗಳನ್ನೂ ಒತ್ತಿ ಕಾಲುಗಳ ಬಲ ತೆಗೆಯುತ್ತದೆ. ನೆಲದ ಮೇಲಿನ ನಾಣ್ಯ ಕೈಗೆ ಸಿಗದಿರುವುದು ಇದೇ ಕಾರಣಕ್ಕೆ.

ಜಗತ್ತಿಗೆ ಇದರ ಸುಳಿವು ಮೊದಲು ಸಿಕ್ಕಿದ್ದು ಹಲ್ಲಿನಿಂದ. 1901ರಲ್ಲಿ ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್‌ಗೆ ಬಂದ ದಂತವೈದ್ಯ ಫ್ರೆಡರಿಕ್ ಮೆಕೇ, ಅಲ್ಲಿನವರ ಹಲ್ಲಿನ ಕಂದು ಕಲೆ ಕಂಡು ಬೆನ್ನು ಹತ್ತಿದರು. ಕಾರಣ ನೀರಿನಲ್ಲಿರುವ ಫ್ಲೋರೈಡ್ ಅಂತ ಗೊತ್ತಾಗಲು 1931 ಬರಬೇಕಾಯಿತು. ಮರುವರ್ಷವೇ ಕೋಪನ್‌ಹೇಗನ್‌ನಲ್ಲಿ, ಕ್ರಯೊಲೈಟ್ ಎಂಬ ಖನಿಜದ ಧೂಳಿನಲ್ಲಿ ದುಡಿಯುತ್ತಿದ್ದ ಕಾರ್ಮಿಕರ ಎಲುಬಿನಲ್ಲೂ ಇದರ ಹಾನಿ ಕಂಡಿತು. 1937ರಲ್ಲಿ ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ ಭಾರತದ ಮೊದಲ ವರದಿ ಬಂತು. ಅಲ್ಲಿ ಉಳುವ ಎತ್ತುಗಳೂ ನಡೆಯಲಾರದೆ ನರಳುತ್ತಿದ್ದವು.

ನಮ್ಮ ಹಿರಿಯರಿಗೆ ಇದು ಯಾಕೆ ಅಷ್ಟಾಗಿ ಕಾಡಲಿಲ್ಲ? ಅವರು ಕುಡಿದದ್ದು ಹೆಚ್ಚಾಗಿ ಕೆರೆ, ಹಳ್ಳ, ತೆರೆದ ಬಾವಿಯ ನೀರು. ಮಳೆಯ ನೀರಿಗೆ ಕಲ್ಲಿನ ಸಂಗ ಕಡಿಮೆ, ಫ್ಲೋರೈಡೂ ಕಡಿಮೆ. ಹಾಗಂತ ಆ ನೀರು ಚೆನ್ನಾಗಿತ್ತು ಅನ್ನಲು ನನಗೆ ಮನಸ್ಸಿಲ್ಲ. ಕಾಲರಾ ಬರುತ್ತಿತ್ತು. ಮೆಟ್ಟಿಲು ಬಾವಿಗೆ ಇಳಿದವರ ಕಾಲಿನಿಂದ ನಾರುಹುಣ್ಣು ಹರಡುತ್ತಿತ್ತು. ಕಾಲಿನ ಚರ್ಮ ಸೀಳಿಕೊಂಡು ಉದ್ದನೆಯ ಹುಳು ಹೊರಬರುವ ಆ ರೋಗ ಕರ್ನಾಟಕವನ್ನೂ ಬಿಟ್ಟಿರಲಿಲ್ಲ. 1960ರ ದಶಕದ ಕೊನೆಯ ಬರಗಾಲದಲ್ಲಿ ಗಟ್ಟಿ ಕಲ್ಲು ಕೊರೆಯುವ ಯಂತ್ರಗಳು ಬಂದವು. ಮುಂದೆ ಊರೂರಿಗೆ ಕೈಪಂಪು ಬಂತು. ಅದನ್ನೇ ನಮ್ಮ ಕಡೆ ಈಗಲೂ ಬೋರಿಂಗ್ ಅನ್ನುತ್ತೇವೆ. ನಾರುಹುಣ್ಣು ಹೋಗಲು ಅದೂ ಒಂದು ದೊಡ್ಡ ಕಾರಣ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ಆ ರೋಗದಿಂದ ಮುಕ್ತ ಅಂತ ಘೋಷಿಸಿತು. ಬೋರ್ ಕೊರೆಸಿದವರನ್ನು ಬೈಯುವ ಮುಂಚೆ ಇದನ್ನು ನೆನೆಯಬೇಕು ಅಲ್ವಾ?

ಆದರೆ ಆಳದ ನೀರು ವರ್ಷಗಟ್ಟಲೆ ಕಲ್ಲಿನ ಬಿರುಕಿನಲ್ಲಿ ನಿಂತ ನೀರು. ಫ್ಲೋರೈಡ್ ಇರುವ ಖನಿಜಗಳು ಅದರಲ್ಲಿ ನಿಧಾನಕ್ಕೆ ಕರಗುತ್ತವೆ. ನೀರಿನಲ್ಲಿ ಕ್ಷಾರ ಹೆಚ್ಚಿ ಕ್ಯಾಲ್ಸಿಯಂ ಕಡಿಮೆಯಾದಷ್ಟೂ ಜಾಸ್ತಿ ಕರಗುತ್ತವೆ. ಭಾರತೀಯ ಮಾನದಂಡದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂವರೆಗೆ ಇರಬಹುದು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು.

ಊಟದ್ದೂ ಪಾತ್ರವಿದೆ. 1970ರ ದಶಕದಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಆಂಧ್ರದ ಫ್ಲೋರೈಡ್ ಹಳ್ಳಿಗಳ ಹುಡುಗರಲ್ಲಿ ಮೊಣಕಾಲು ಒಳಕ್ಕೆ ಬಾಗಿದ್ದನ್ನು ಕಂಡರು. ಜೋಳ ಉಣ್ಣುವವರಲ್ಲಿ ಫ್ಲೋರೈಡ್ ಹೆಚ್ಚು ಉಳಿಯುತ್ತದೆ ಎಂಬುದೂ ಅವರ ಅಧ್ಯಯನದಲ್ಲಿ ಕಂಡಿತು. ಇದನ್ನು ಓದಿ ರೊಟ್ಟಿ ಬಿಡಬೇಡಿ. ತೊಂದರೆ ಇರುವುದು ನೀರಿನಲ್ಲಿ. ಊಟದ ಜೊತೆ ಹಾಲು, ಮೊಸರು ಇದ್ದರೆ ಕ್ಯಾಲ್ಸಿಯಂ ಸ್ವಲ್ಪ ಫ್ಲೋರೈಡನ್ನು ಹೊಟ್ಟೆಯಲ್ಲೇ ಹಿಡಿದಿಡುತ್ತದೆ.

ತುಂಗಭದ್ರೆ ಮುಂಡರಗಿ ತಾಲ್ಲೂಕಿನ ಅಂಚಿನಲ್ಲೇ ಹರಿಯುತ್ತಾಳೆ. ಜಿಲ್ಲೆಯ ಹಳ್ಳಿಗಳಿಗೆ ನದಿ ನೀರು ಕೊಡುವ ಬಹುಗ್ರಾಮ ಯೋಜನೆ ಬಂದಿದೆ, ಊರುಗಳಲ್ಲಿ ಶುದ್ಧ ನೀರಿನ ಘಟಕಗಳಿವೆ. ಆದರೂ ಕ್ಯಾನಿನ ನೀರು ಬರೀ ಕುಡಿಯಲು, ಅನ್ನ ಬೇಳೆಗೆ ಬೋರ್ ನೀರೇ ಅನ್ನುವ ಮನೆಗಳಿವೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಇನ್ನಷ್ಟು ಹೆಚ್ಚುತ್ತದೆ. ಅಡುಗೆಗೂ ಆ ಕ್ಯಾನಿನದೇ ಸುರಿಯಬೇಕು.

ಸುಣ್ಣ ಕಟ್ಟಿದ ಕೀಲು ಮತ್ತೆ ಮೊದಲಿನಂತೆ ಆಗುವುದು ಕಷ್ಟ. ಮಕ್ಕಳದು ಹಾಗಲ್ಲ. ಹಾಲುಹಲ್ಲು ಇರುವಾಗಲೇ ದವಡೆಯೊಳಗೆ ಮುಂದಿನ ಹಲ್ಲು ತಯಾರಾಗುತ್ತಿರುತ್ತದೆ. ಅದರ ಹೊರಪದರ ಹೆಚ್ಚುಕಡಿಮೆ 8 ವರ್ಷದೊಳಗೆ ಮುಗಿಯುತ್ತದೆ. ಈಗ ಅಂಗನವಾಡಿಗೆ ಹೋಗುವ ಮಗು ಯಾವ ನೀರು ಕುಡಿಯಿತು ಅನ್ನುವುದು, ಅದು ಹೈಸ್ಕೂಲಿಗೆ ಹೋಗುವ ಹೊತ್ತಿಗೆ ನಕ್ಕಾಗ ಕಾಣುತ್ತದೆ.