ಮೊದಲ ತಿಂಗಳ ಚೀಟಿ ಚಿಕ್ಕದಿರಲಿ

ಯುಗಾದಿ ಕಳೆದು ಮದುವೆ, ಗೃಹಪ್ರವೇಶಗಳು ಶುರುವಾದರೆ ನನ್ನ ದಿನಸಿ ಅಂಗಡಿಗೆ ಎರಡು ಬಗೆಯ ಸಾಮಾನಿನ ಚೀಟಿಗಳು ಬರುತ್ತವೆ. ಒಂದು, ಅಡುಗೆ ಭಟ್ಟರು ಬರೆದುಕೊಟ್ಟ ಸಮಾರಂಭದ ಚೀಟಿ. ಎಷ್ಟು ಎಲೆಗೆ ಎಷ್ಟು ಬೇಳೆ ಎಂಬುದು ಅವರಿಗೆ ಬಾಯಿಪಾಠ, ಕೊಂಡದ್ದೆಲ್ಲ ಎರಡು ದಿನದಲ್ಲಿ ಖರ್ಚಾಗುತ್ತದೆ. ಇನ್ನೊಂದು, ಹೊಸದಾಗಿ ಸಂಸಾರ ಹೂಡುವವರ ಚೀಟಿ. ಅದನ್ನು ಕಂಡಾಗ ನಾನು ಗಲ್ಲಾ ಬಿಟ್ಟು ಎದ್ದು ಬರುತ್ತೇನೆ. ಏಕೆಂದರೆ ಹತ್ತರಲ್ಲಿ ಎಂಟು ಸಲ ಅದು ಅಮ್ಮನ ಮನೆಯ ಚೀಟಿಯ ನಕಲು. ಆರು ಜನ ಮೂರು ಹೊತ್ತು ಉಣ್ಣುವ ಮನೆಯ ಲೆಕ್ಕವನ್ನು ಇಬ್ಬರು ಒಂದೂವರೆ ಹೊತ್ತು ಉಣ್ಣುವ ಮನೆಗೆ ತಂದಿರುತ್ತಾರೆ.

ಕಳೆದ ಏಪ್ರಿಲ್‌ನಲ್ಲಿ ಬಂದಿದ್ದ ಗಂಡ ಹೆಂಡತಿಯ ಚೀಟಿಯಲ್ಲಿ 43 ಬಾಬತ್ತು ಇದ್ದವು. ಸೋನಾ ಮಸೂರಿ ಒಂದು ಮೂಟೆ, ತೊಗರಿಬೇಳೆ ಐದು ಕೆಜಿ, ಉದ್ದು, ಕಡಲೆ, ಹೆಸರು ಎರಡೆರಡು ಕೆಜಿ, ಮೂರು ಥರದ ರವೆ.

"ಮಧ್ಯಾಹ್ನದ ಊಟ ಎಲ್ಲಮ್ಮಾ?" ಎಂದೆ.

"ಇಬ್ಬರಿಗೂ ಆಫೀಸಲ್ಲೇ ಅಂಕಲ್. ರಾತ್ರಿ ಮನೇಲಿ."

"ರಾತ್ರಿ ದಿನಾ ಅನ್ನಾನಾ?"

ಆಕೆ ಗಂಡನ ಮುಖ ನೋಡಿದಳು. "ಅವರಿಗೆ ಚಪಾತಿ ಬೇಕು."

ಆ ಚೀಟಿಯ ಮುಕ್ಕಾಲು ಪಾಲನ್ನು ನಾನೇ ಹೊಡೆದು ಹಾಕಿದೆ. ಮೈಸೂರಿನಲ್ಲಿ 31 ವರ್ಷದಿಂದ ದಿನಸಿ ವ್ಯಾಪಾರ ಮಾಡುತ್ತಿರುವವನು ಹೀಗೆ ಮಾಡುವುದೇಕೆ ಎಂದು ಅಂಗಡಿ ಹುಡುಗ ಕೇಳಿದ. ನಾನು ಅವನಿಗೆ ನನ್ನ ಮಗಳ ಮನೆಯ ಕತೆ ಹೇಳಿದೆ.

ಮಗಳನ್ನು ಮಂಗಳೂರಿಗೆ ಕೊಟ್ಟಿದ್ದೇವೆ. ಅವಳು ಬೇರೆ ಮನೆ ಮಾಡಿದಾಗ ಅಪ್ಪನ ಅಂಗಡಿಯ ಒಳ್ಳೊಳ್ಳೆಯ ಮಾಲನ್ನೆಲ್ಲ ಆರಿಸಿ ಆರಿಸಿ ಕಳಿಸಿದ್ದೆ. ಒಂದು ಮೂಟೆ ಹಳೇ ಅಕ್ಕಿ, ಬೇಳೆಕಾಳು ಐದೈದು ಕೆಜಿ, ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ. ಅದು ಮೇ ತಿಂಗಳು. ಆಗಸ್ಟ್‌ನಲ್ಲಿ ನಾವು ಹೋದಾಗ ಅವಳು ಅಡುಗೆಮನೆಯ ಮೇಲಿನ ಕಪಾಟು ತೆರೆಯಲು ಬಿಡಲಿಲ್ಲ. ಆಮೇಲೆ ಅತ್ತುಬಿಟ್ಟಳು. ಅಕ್ಕಿಯಲ್ಲಿ ಹುಳ ಓಡಾಡುತ್ತಿತ್ತು, ರವೆ ಬಲೆ ಕಟ್ಟಿ ಉಂಡೆಯಾಗಿತ್ತು, ಹೆಸರುಕಾಳೆಲ್ಲ ತೂತು, ಮೆಣಸಿನಕಾಯಿಗೆ ಬೂಷ್ಟು. ಅಪ್ಪ ಕೊಟ್ಟದ್ದನ್ನು ಕೆಡಿಸಿದೆ ಎಂದು ಅವಳ ಸಂಕಟ. ಕೆಡಿಸಿದ್ದು ಅವಳಲ್ಲ. ಕರಾವಳಿಯ ಮಳೆಗಾಲ ಎದುರಿಗಿರುವಾಗ ಮೈಸೂರಿನ ಒಣಹವೆಯ ಲೆಕ್ಕದಲ್ಲಿ ಸಾಮಾನು ಕಳಿಸಿದ್ದು ನಾನು. ಅವಳ ಅತ್ತೆ ಅಂದು ನನಗೆ ಸಮಾಧಾನವಾಗಿ ತಿಳಿಸಿ ಹೇಳಿದರು. ಅವರ ತವರಿನಲ್ಲಿ ಅಕ್ಕಿಯನ್ನು ಬೈಹುಲ್ಲಿನ ಮುಡಿ ಕಟ್ಟಿ ಇಡುತ್ತಿದ್ದರಂತೆ, ಅಟ್ಟಕ್ಕೆ ಒಲೆಯ ಹೊಗೆ ತಾಗುತ್ತಿತ್ತಂತೆ. ಅವರ ಕುಚಲಕ್ಕಿಯಾದರೂ ಭತ್ತವನ್ನು ಬೇಯಿಸಿ ಒಣಗಿಸಿ ಮಾಡಿದ್ದು, ಕಾಳು ಗಟ್ಟಿ, ಹುಳ ಅಷ್ಟು ಸುಲಭಕ್ಕೆ ಕೊರೆಯುವುದಿಲ್ಲ. ಅಪಾರ್ಟ್‌ಮೆಂಟಿನ ಮುಚ್ಚಿದ ಕಪಾಟಿಗೆ ಹೊಗೆಯೂ ಇಲ್ಲ, ಬಿಸಿಲೂ ಇಲ್ಲ.

ನಮ್ಮ ಅಜ್ಜಿಯರು ವರ್ಷದ ದಿನಸಿ ತುಂಬುತ್ತಿದ್ದರು ಎನ್ನುವುದು ನಿಜ. ಆದರೆ ಅವರಿಗೆ ಅಂಗಳವಿತ್ತು, ಮೊರವಿತ್ತು, ಮಾಘದಿಂದ ವೈಶಾಖದವರೆಗೆ ದಿನವಿಡೀ ಒಣಗಿಸುವಷ್ಟು ಹೊತ್ತಿತ್ತು. ಬಯಲುಸೀಮೆಯಲ್ಲಿ ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ಇಡುತ್ತಿದ್ದರು. ಕಾಳು ಪೂರಾ ಒಣಗಿರುತ್ತಿತ್ತು, ಒಳಗೆ ಗಾಳಿಯಾಡುತ್ತಿರಲಿಲ್ಲ. ಈ ಏರ್ಪಾಡುಗಳಿಲ್ಲದೆ ಅವರ ಪ್ರಮಾಣವನ್ನು ಮಾತ್ರ ನಾವು ಉಳಿಸಿಕೊಂಡರೆ ಉಣ್ಣುವುದು ಹುಳಗಳು.

ಅಕ್ಕಿಹುಳ ಎಲ್ಲಿಂದ ಬರುತ್ತದೆ ಎಂದು ತಿಳಿದುಕೊಳ್ಳುವುದು ಒಳ್ಳೆಯದು. ಅದು ಹೆಚ್ಚಿನ ಸಲ ನಿಮ್ಮ ಮನೆಯಲ್ಲಿ ಹುಟ್ಟಿದ್ದಲ್ಲ. ಉದ್ದ ಮೂತಿಯ ಆ ಕಂದು ಹುಳ ಕಾಳನ್ನು ಕೊರೆದು ಒಳಗೆ ಮೊಟ್ಟೆಯಿಟ್ಟು ತೂತನ್ನು ಅಂಟಿನಿಂದ ಮುಚ್ಚುತ್ತದೆ. ಹೊರಗಿನಿಂದ ನೋಡಿದರೆ ಅಕ್ಕಿ ಚೊಕ್ಕವಾಗಿಯೇ ಕಾಣುತ್ತದೆ. ಗಿರಣಿಯಲ್ಲೋ ಗೋದಾಮಿನಲ್ಲೋ ನನ್ನ ಅಂಗಡಿಯಲ್ಲೋ ಇಟ್ಟ ಮೊಟ್ಟೆ ನಿಮ್ಮ ಡಬ್ಬಿಯಲ್ಲಿ ಒಡೆಯುತ್ತದೆ. ನಮ್ಮ ಸೆಕೆಗೆ ಮೊಟ್ಟೆಯಿಂದ ಹುಳವಾಗಲು ಹೆಚ್ಚುಕಡಿಮೆ ಒಂದು ತಿಂಗಳು ಸಾಕು, ಒಂದು ಹೆಣ್ಣು ಇಡುವುದು ನೂರಾರು ಮೊಟ್ಟೆ. ಈಗ ಲೆಕ್ಕ ಹಾಕಿ. ಇಬ್ಬರಿಗೆ ಒಂದು ಹೊತ್ತಿಗೆ ಒಂದು ಪಾವು ಅಕ್ಕಿ, ಅಂದರೆ ಸುಮಾರು 200 ಗ್ರಾಂ. ದಿನಕ್ಕೊಂದೇ ಹೊತ್ತು ಅನ್ನವಾದರೆ ತಿಂಗಳಿಗೆ ಆರು ಕೆಜಿ, ನಡುವೆ ಚಪಾತಿ, ಮುದ್ದೆ ಆದರೆ ಐದು. 26 ಕೆಜಿಯ ಒಂದು ಮೂಟೆ ಐದು ತಿಂಗಳು ಕೂರುತ್ತದೆ. ಐದು ತಿಂಗಳೆಂದರೆ ಹುಳದ ನಾಲ್ಕೈದು ತಲೆಮಾರು. ಐದು ಕೆಜಿ ಕೊಂಡರೆ ಮೊದಲ ತಲೆಮಾರು ತಲೆಯೆತ್ತುವಷ್ಟರಲ್ಲಿ ಅಕ್ಕಿ ಮುಗಿದಿರುತ್ತದೆ.

ಮೂಟೆಯ ಮಾತು ಬಂತು. ಈಗ ಅಂಗಡಿಗಳಲ್ಲಿ 26 ಕೆಜಿ ಮೂಟೆ ಯಾಕೆ ಎಂದು ಎಷ್ಟೋ ಜನ ಕೇಳುತ್ತಾರೆ. 2022ರ ಜುಲೈ 18ರಿಂದ 25 ಕೆಜಿವರೆಗಿನ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿ, ಬೇಳೆ, ಹಿಟ್ಟಿಗೆ ಶೇ 5 ಜಿಎಸ್‌ಟಿ ಬಂತು. ಆ ಮಿತಿ ದಾಟಲೆಂದು ಗಿರಣಿಯವರು ಒಂದು ಕೆಜಿ ಸೇರಿಸಿದರು. ಕೆಜಿಗೆ ಎರಡು ಮೂರು ರೂಪಾಯಿ ಉಳಿಯುತ್ತದೆ ನಿಜ. ನಾಲ್ಕಾರು ಜನರ ಮನೆಗೆ ಅದು ಲಾಭವೇ. ಇಬ್ಬರ ಮನೆಯಲ್ಲಿ ಕೊನೆಯ ಎಂಟು ಕೆಜಿ ಹುಳ ಹಿಡಿದರೆ ಉಳಿದದ್ದೇನು? ನೆರೆಮನೆಯವರೊಂದಿಗೆ ಹಂಚಿಕೊಳ್ಳಿ, ಇಲ್ಲವೇ ಬಿಡಿಯಾಗಿ ತೂಗಿಸಿಕೊಳ್ಳಿ.

ಅಕ್ಕಿ ಹಳೆಯದಿರಬೇಕು, ಬೇಳೆ ಹೊಸದಿರಬೇಕು. ಇದನ್ನು ಹೊಸಬರು ತಲೆಕೆಳಗು ಮಾಡಿಕೊಳ್ಳುತ್ತಾರೆ. ಗಂಗಾವತಿ, ಸಿಂಧನೂರು ಕಡೆಯ ಸೋನಾ ಮಸೂರಿ ಒಂದು ವರ್ಷ ಹಳತಾದರೆ ನೀರು ಹೆಚ್ಚು ಕುಡಿಯುತ್ತದೆ, ಅನ್ನ ಉದುರುದುರಾಗುತ್ತದೆ, ಅಳತೆಗೂ ಹೆಚ್ಚು ಬರುತ್ತದೆ. ಹೊಸ ಅಕ್ಕಿ ಮುದ್ದೆಯಾಗುತ್ತದೆ, ಅದು ಹುಗ್ಗಿಗೆ ಚೆಂದ. ಬೇಳೆ ಹಾಗಲ್ಲ. ಸೆಕೆ, ತೇವದಲ್ಲಿ ಹೆಚ್ಚು ದಿನ ಕೂತ ತೊಗರಿಬೇಳೆ ಬಿರುಸಾಗುತ್ತದೆ, ಎಷ್ಟು ಸೀಟಿ ಹೊಡೆಸಿದರೂ ನುಣ್ಣಗಾಗುವುದಿಲ್ಲ. ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿದವರು "ನೀವು ಕೊಟ್ಟ ಬೇಳೆ ಬೇಯಲ್ಲ" ಎಂದು ವಾಪಸ್ ತರುತ್ತಾರೆ. ನಾನು ಮೊದಲು ಕೇಳುವುದು ನೀರಿನ ಬಗ್ಗೆ. ಅದುವರೆಗೆ ಕಾವೇರಿ ನೀರಲ್ಲಿ ಬೇಯಿಸಿದವರು ಈಗ ಬೋರ್‌ವೆಲ್ಲಿಗೆ ಬಂದಿರುತ್ತಾರೆ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಳೆಯನ್ನು ಮೆದುವಾಗಲು ಬಿಡುವುದಿಲ್ಲ. ಕುಡಿಯುವ ನೀರಲ್ಲಿ ಅರ್ಧ ಗಂಟೆ ನೆನೆಸಿ ಅದರಲ್ಲೇ ಬೇಯಿಸಿ, ಹುಣಸೆರಸ, ಟೊಮೆಟೊಗಳನ್ನು ಬೇಳೆ ಬೆಂದ ಮೇಲೆ ಹಾಕಿ. ಎರಡು ಕೆಜಿ ತೊಗರಿ ತಿಂಗಳಿಗೆ ಧಾರಾಳ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು (ಜಿಐ), ಅಂದರೆ ಆ ಸೀಮೆಯದೇ ಬೆಳೆ ಎಂಬ ಸರ್ಕಾರಿ ಮಾನ್ಯತೆ ಬಂದಿದೆ, ಸಿಕ್ಕರೆ ಅದನ್ನು ಕೊಳ್ಳಿ. ಎಣ್ಣೆ ಸವರಿದ ಹಾಗೆ ಮಿರಮಿರ ಮಿಂಚುವ ಬೇಳೆಗಿಂತ ಮಾಸಲು ಬಣ್ಣದ್ದನ್ನೇ ನಾನು ಮನೆಗೆ ಒಯ್ಯುವುದು.

ಹುಳಕ್ಕೆ ಔಷಧಿ ಕೇಳುವವರು ಬಹಳ. ಬೇವಿನ ಸೊಪ್ಪು, ಒಣಮೆಣಸಿನಕಾಯಿ ಡಬ್ಬಿಯಲ್ಲಿಡಿ, ಹೊರಗಿನ ಹುಳ ಸ್ವಲ್ಪ ದೂರ ಉಳಿಯುತ್ತದೆ. ಕಾಳಿನೊಳಗಿನ ಮೊಟ್ಟೆಗೆ ಅದರಿಂದ ಏನೂ ಆಗದು. ಇಡೀ ಕಾಳುಗಳಿಗೆ, ಅಂದರೆ ಹೆಸರು, ಅಲಸಂದೆ, ಕಡಲೆಗೆ ಹರಳೆಣ್ಣೆ ಸವರುವ ಹಳೆಯ ಪದ್ಧತಿಯಲ್ಲಿ ಮಾತ್ರ ಗಟ್ಟಿ ಸತ್ವವಿದೆ. ಕಾಳು ಕೊರೆಯುವ ಹುಳ ಮೊಟ್ಟೆ ಅಂಟಿಸುವುದು ಕಾಳಿನ ಮೈಮೇಲೆ. ಬಿಳಿ ಚುಕ್ಕೆಗಳಂತೆ ಕಾಣುವುದು ಅವೇ. ಎಣ್ಣೆಯ ಪದರದ ಮೇಲೆ ಅವು ನೆಟ್ಟಗೆ ನಿಲ್ಲುವುದಿಲ್ಲ. ಕೆಜಿಗೆ ಒಂದು ಚಮಚ ಸಾಕು. ಬೇಳೆ, ಕಾಳು, ರಾಗಿಯನ್ನು ಬಿಸಿಲಿಗೆ ಹಾಕಬಹುದು. ಅಕ್ಕಿಯನ್ನು ಸುಡುಬಿಸಿಲಿಗೆ ಹಾಕಬೇಡಿ, ಕಾಳು ಸೀಳಿ ನುಚ್ಚಾಗುತ್ತದೆ. ರವೆ, ಮೈದಾ, ಕಡಲೆಹಿಟ್ಟನ್ನು ತಂದ ಕೂಡಲೇ ಗಾಳಿಯಾಡದ ಚೀಲದಲ್ಲಿ ಕಟ್ಟಿ ನಾಲ್ಕು ದಿನ ಫ್ರೀಜರ್‌ನಲ್ಲಿಟ್ಟರೆ ಮೊಟ್ಟೆಗಳು ಸಾಯುತ್ತವೆ. ಹೊರಗೆ ತೆಗೆದ ಮೇಲೆ ಪೂರಾ ಬೆಚ್ಚಗಾಗುವ ತನಕ ಚೀಲ ಬಿಚ್ಚಬೇಡಿ, ಬಿಚ್ಚಿದರೆ ಹಿಟ್ಟು ಬೆವರುತ್ತದೆ. ಫ್ರೀಜರ್‌ನಲ್ಲಿ ಜಾಗವಿಲ್ಲದವರು ರವೆಯನ್ನು ಹುರಿದಿಡಿ.

ಇನ್ನೆರಡು ವಸ್ತುಗಳ ವಿಷಯದಲ್ಲಿ ನಾನು ಕೈಮುಗಿದು ಬೇಡುತ್ತೇನೆ. ಅಕ್ಕಿಗೆ ಬೋರಿಕ್ ಪುಡಿ ಬೆರೆಸಬೇಡಿ, ಎಷ್ಟು ತೊಳೆದರೂ ಅದು ತಿನ್ನುವ ವಸ್ತುವಲ್ಲ. ಗೋದಾಮಿನಲ್ಲಿ ಹುಳಕ್ಕೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಯಾರಾದರೂ ಕೊಟ್ಟರೆ ಮನೆಯೊಳಗೆ ತರಲೇಬೇಡಿ. ತೇವ ತಾಗಿದರೆ ಅದರಿಂದ ಬರುವ ಅನಿಲ ಮಲಗಿದವರನ್ನು ಮಲಗಿದಲ್ಲೇ ಕೊಲ್ಲುತ್ತದೆ.

ಪುಡಿಗಳಿಗೆ ಬರೋಣ. ಅಮ್ಮ, ಅತ್ತೆ ಇಬ್ಬರೂ ಕೊಟ್ಟು ಕಳಿಸುವ ಸಾರಿನ ಪುಡಿ ಆರು ತಿಂಗಳಿಗಾಗುವಷ್ಟು ಇರುತ್ತದೆ. ಅದರಲ್ಲಿ ಒಂದು ತಿಂಗಳಿಗಾಗುವಷ್ಟನ್ನು ಮಾತ್ರ ಹೊರಗಿಟ್ಟು ಮಿಕ್ಕದ್ದನ್ನು ಫ್ರಿಜ್ಜಿಗೆ ಸೇರಿಸಿ. ದನಿಯಾ, ಜೀರಿಗೆ, ಮೆಣಸಿನ ಪರಿಮಳವೆಲ್ಲ ಹಾರಿಹೋಗುವ ಎಣ್ಣೆ. ಕಾಳು ಇಡಿಯಾಗಿದ್ದಷ್ಟು ದಿನ ಅದು ಒಳಗೆ ಭದ್ರ. ಆದ್ದರಿಂದ ಹೊಸ ಮನೆಗೆ ಸಾಸಿವೆ, ಜೀರಿಗೆ, ಮೆಂತ್ಯ, ಮೆಣಸು ನೂರು ನೂರು ಗ್ರಾಂ, ದನಿಯಾ ಕಾಲು ಕೆಜಿ, ಇಂಗು ಚಿಕ್ಕ ಡಬ್ಬಿ ಸಾಕು. ಚಕ್ಕೆ, ಲವಂಗ, ಏಲಕ್ಕಿ ಹತ್ತು ಹತ್ತು ಗ್ರಾಂ. ಗೋಧಿ ಹಿಟ್ಟು ಒಗ್ಗದವರು ಇಂಗಿನ ಡಬ್ಬಿಯ ಮೇಲಿನ ಬರಹ ಓದಬೇಕು, ಅಂಗಡಿಯ ಇಂಗಿಗೆ ಹಿಟ್ಟು ಬೆರೆಸಿರುತ್ತಾರೆ.

ಉಪ್ಪನ್ನು ಎಷ್ಟು ಕೊಳ್ಳುತ್ತೀರಿ ಎಂಬುದನ್ನು ಗಮನಿಸಿದರೆ ಆರೋಗ್ಯದ ಲೆಕ್ಕವೂ ಸಿಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಒಬ್ಬರಿಗೆ 5 ಗ್ರಾಂ ದಾಟಬಾರದು ಎನ್ನುತ್ತದೆ. ಇಬ್ಬರಿಗೆ ತಿಂಗಳಿಗೆ 300 ಗ್ರಾಂ, ಒಂದು ಕೆಜಿ ಪೊಟ್ಟಣ ಮೂರು ತಿಂಗಳು ಬರಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯ ದಿನದ ತಟ್ಟೆಯಲ್ಲಿ ಎಣ್ಣೆ, ಕೊಬ್ಬಿಗೆ 27 ಗ್ರಾಂ ಜಾಗವಿದೆ. ಇಬ್ಬರಿಗೆ ತಿಂಗಳಿಗೆ ಎರಡು ಲೀಟರ್‌ಗೂ ಕಡಿಮೆ, ತುಪ್ಪವೂ ಸೇರಿ. ಐದು ಲೀಟರ್ ಕ್ಯಾನು ಮನೆಯಲ್ಲಿದ್ದರೆ ಕೈ ತಾನಾಗಿ ಧಾರಾಳವಾಗುತ್ತದೆ, ಇದನ್ನು ನಾನು ಗಿರಾಕಿಗಳ ಚೀಟಿಗಳಲ್ಲಿ ವರ್ಷವರ್ಷ ಕಂಡಿದ್ದೇನೆ. ಒಂದೊಂದೇ ಲೀಟರ್ ಕೊಳ್ಳಿ, ಒಲೆಯ ಪಕ್ಕ ಇಡಬೇಡಿ.

ಬೆಲ್ಲ ಅರ್ಧ ಕೆಜಿ. ಮಂಡ್ಯದ ಆಲೆಮನೆಗಳಿಂದ ಬರುವುದರಲ್ಲಿ ಕಂದು ಬಣ್ಣದ್ದನ್ನು ಆರಿಸಿ. ತೀರಾ ಬೆಳ್ಳಗಿನ ಹಳದಿ ಬೆಲ್ಲಕ್ಕೆ ಬಣ್ಣ ಬಿಡಿಸಲು ಹೈಡ್ರೋಸ್ ಎಂಬ ರಾಸಾಯನಿಕ ಹಾಕಿರುತ್ತಾರೆ.

ಪಾತ್ರೆಪಗಡದ ಬಗ್ಗೆ ಹೆಚ್ಚು ಹೇಳಲಾರೆ, ಒಂದೆರಡು ಮಾತು ಮಾತ್ರ. ಉಪ್ಪು, ಹುಣಸೆ ಸ್ಟೀಲಿನಲ್ಲೂ ಅಲ್ಯೂಮಿನಿಯಂನಲ್ಲೂ ಬೇಡ, ಪಿಂಗಾಣಿ ಜಾಡಿಗೆ ಅಥವಾ ಗಾಜಿಗೆ ಹಾಕಿ. ಬೇಳೆ ಡಬ್ಬಿಗಳು ಒಳಗಿನದು ಕಾಣುವಂಥವಾದರೆ ಒಳ್ಳೆಯದು, ಕಂಡದ್ದು ಖರ್ಚಾಗುತ್ತದೆ. ಹಳೆಯದರ ಮೇಲೆ ಹೊಸದನ್ನು ಸುರಿಯಬೇಡಿ. ಡಬ್ಬಿ ಖಾಲಿಮಾಡಿ, ತೊಳೆದು, ಒಣಗಿಸಿ ತುಂಬಿ. ಹಾಲುಕ್ಕಿಸುವ ಮೊದಲು ಗ್ಯಾಸ್ ಸಿಲಿಂಡರಿನ ಕುತ್ತಿಗೆಯ ಪಟ್ಟಿಯ ಒಳಮೈಯ ಅಕ್ಷರ ನೋಡಿ. ಎ, ಬಿ, ಸಿ, ಡಿ ಎಂದರೆ ವರ್ಷದ ನಾಲ್ಕು ತ್ರೈಮಾಸಿಕ. ಡಿ-27 ಎಂದಿದ್ದರೆ 2027ರ ಡಿಸೆಂಬರ್ ಒಳಗೆ ಮರುಪರೀಕ್ಷೆ ಆಗಬೇಕು ಎಂದರ್ಥ. ಅವಧಿ ಮೀರಿದ್ದನ್ನು ಬಾಗಿಲಲ್ಲೇ ವಾಪಸ್ ಕಳಿಸಿ.

ಹಾಗಾದರೆ ವರ್ಷಕ್ಕೆಂದು ತುಂಬಿಡುವುದು ಏನೂ ಇಲ್ಲವೇ ಎಂದರೆ, ಎರಡು ಇವೆ. ಸಂಸಾರ ಹೂಡಿ ಒಂದು ಸುತ್ತು ಹಬ್ಬಹರಿದಿನ ಕಳೆದು, ನಿಮ್ಮ ಮನೆಗೆ ಎಷ್ಟು ಬೇಕು ಎಂದು ಗೊತ್ತಾದ ಮೇಲೆ, ಬೇಸಿಗೆಯಲ್ಲಿ ಮೆಣಸಿನಕಾಯಿ ಮತ್ತು ಹುಣಸೆ ಕೊಳ್ಳಿ. ಬ್ಯಾಡಗಿ ಮಾರುಕಟ್ಟೆಗೆ ಜನವರಿಯಿಂದ ಹೊಸ ಮಾಲು ಬರುತ್ತದೆ. ಸುಕ್ಕು ಸುಕ್ಕಾದ, ಕಡುಕೆಂಪಿನ, ಖಾರ ಕಡಿಮೆಯ ಈ ಕಾಯಿಗೆ 2011ರಲ್ಲೇ ಭೌಗೋಳಿಕ ಗುರುತು ಬಂದಿದೆ. ಬಣ್ಣಕ್ಕೆ ಇದು, ಖಾರಕ್ಕೆ ಗುಂಟೂರು. ತೊಟ್ಟು ಕೀಳದೆ ಎರಡು ಬಿಸಿಲು ಕಾಣಿಸಿ, ಅಲುಗಿಸಿದರೆ ಬೀಜ ಗಲಗಲ ಅನ್ನಬೇಕು. ಬೂಷ್ಟು ಕಂಡ ಕಾಯಿಯನ್ನು ಒರೆಸಿ ಹುರಿದು ಬಳಸಬೇಡಿ. ಅಂಥ ಬೂಷ್ಟಿನ ಅಫ್ಲಾಟಾಕ್ಸಿನ್ ವಿಷ ಹುರಿದರೂ ಪೂರಾ ಹೋಗುವುದಿಲ್ಲ, ಕಡಲೆಕಾಯಿ ಬೀಜಕ್ಕೂ ಇದೇ ಮಾತು.

ಈ ವರ್ಷ ಮಾರ್ಚ್‌ನಲ್ಲಿ ಮಗಳು ಫೋನ್ ಮಾಡಿದಳು. "ಅಪ್ಪ, ಮಳೆಗೆ ಮುಂಚೆ ಹುಣಸೆ ಎರಡು ಕೆಜಿ, ಬ್ಯಾಡಗಿ ಒಂದು ಕೆಜಿ. ಬೇರೇನೂ ಕಳಿಸಬೇಡಿ." ನಾನೂ ಅವಳ ಅಮ್ಮನೂ ಟೆರೇಸಿನಲ್ಲಿ ಕೂತು ಹುಣಸೆಯ ಬೀಜ, ನಾರು ಬಿಡಿಸಿದೆವು. ಮೂರು ಬಿಸಿಲು ಒಣಗಿಸಿ, ಕಲ್ಲುಪ್ಪು ಬೆರೆಸಿ ಉಂಡೆ ಕಟ್ಟಿದೆವು. ಒಂದೊಂದು ಉಂಡೆ ಅವರಿಬ್ಬರಿಗೆ ಒಂದು ವಾರಕ್ಕೆ. ಜಾಡಿಯ ಬಾಯಿಗೆ ಬಟ್ಟೆ ಬಿಗಿದು, ಒದ್ದೆ ಕೈ ಹಾಕಬೇಡ ಎಂದು ಚೀಟಿ ಅಂಟಿಸಿ ಬಸ್ಸಿಗೆ ಹಾಕಿ ಬಂದೆ.